ಮಗುಚಿಟ್ಟ ಎಲೆ

ಇಸ್ಪೀಟಿನ ಕಾರ್ಡಿಗೂ ಕನ್ನಡದಲ್ಲಿ ಎಲೆ ಅಂತಲೇ ಹೆಸರು. ಹುಣಸೂರು ಸೀಮೆಯಲ್ಲಿ ಹುಟ್ಟಿದವರಿಗೆ ಮಾತ್ರ ಎಲೆ ಅಂದರೆ ಮೊದಲು ನೆನಪಾಗುವುದು ಹೊಗೆಸೊಪ್ಪು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಎಷ್ಟೋ ಮನೆಗಳಲ್ಲಿ ವರ್ಷ ಶುರುವಾಗುವುದೂ ಮುಗಿಯುವುದೂ ಅದರ ಲೆಕ್ಕದಲ್ಲೇ. ಮುಂಗಾರಿನ ಮೊದಲ ಮಳೆಗಳಿಗೆ ನಾಟಿ. ಆಷಾಢ ಶ್ರಾವಣದಲ್ಲಿ ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿಗೆ ಏರಿಸಿ ಹದ ಮಾಡುವುದು. ಆಮೇಲೆ ಬಣ್ಣ ನೋಡಿ ವಿಂಗಡಿಸಿ ಬೇಲ್ ಕಟ್ಟುವುದು. ಮಳೆಗಾಲ ಕಳೆದ ಮೇಲೆ ಹರಾಜು. ಆ ಹರಾಜಿನ ದುಡ್ಡು ಕೈಗೆ ಬಂದು, ಮುಂದಿನ ಬೆಳೆಯ ಖರ್ಚು ಇನ್ನೂ ಪೂರ್ತಿ ಶುರುವಾಗದ ಸಂದಿಯಲ್ಲಿ ಯುಗಾದಿ ಬರುತ್ತದೆ. ಹಬ್ಬದ ಮಾರನೆ ದಿನ ಹೊಸತೊಡಕು. ಮನೆಮನೆಯಲ್ಲಿ ಬಾಡಿನ ಸಾರು, ಊಟವಾದ ಮೇಲೆ ಜಗಲಿಯಲ್ಲಿ ಚಾಪೆ, ಚಾಪೆಯ ಮೇಲೆ ಮೂರೆಲೆ ಆಟ.

ನಮ್ಮ ಜಗಲಿಯಲ್ಲಿ ಕೂರುತ್ತಿದ್ದವರು ಅಪ್ಪ, ದೊಡ್ಡಪ್ಪ, ಕೆ.ಆರ್. ನಗರದ ಕಡೆಯಿಂದ ಹಬ್ಬಕ್ಕೆ ಬರುತ್ತಿದ್ದ ಸೋದರಮಾವ, ಪಕ್ಕದ ಮನೆಗಳ ಇಬ್ಬರು. ಹೆಣ್ಣುಮಕ್ಕಳಿಗೆ ಎಲೆ ಹಾಕುವ ಪದ್ಧತಿ ಅಲ್ಲಿರಲಿಲ್ಲ. ನನ್ನ ಪಾಲಿಗೆ ಬಂದದ್ದು ಟೀ ಲೋಟ ತಂದಿಡುವುದು, ಖಾಲಿ ಲೋಟ ಎತ್ತುವುದು. ಹಾಗಾಗಿ ಈ ಆಟವನ್ನು ನಾನು ಕಲಿತದ್ದು ಆಡುವವರ ಬೆನ್ನ ಹಿಂದಿನಿಂದ. ಈಗ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಹರಾಜುಗಳ ಅರ್ಥಶಾಸ್ತ್ರದ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ. ಆ ದಾರಿಯಲ್ಲಿ ಪೋಕರ್ ಕುರಿತ ಬರಹಗಳನ್ನು ಓದಬೇಕಾಯಿತು. ಎದುರಾಳಿ ಹೇಗೆ ಪಣ ಕಟ್ಟುತ್ತಾನೆ ಎಂಬುದರಿಂದ ಅವನ ಕೈಯಲ್ಲಿ ಏನಿದೆ ಎಂದು ಊಹಿಸುವ ವಿದ್ಯೆಯ ಬಗ್ಗೆ ಅಲ್ಲಿ ಪುಟಗಟ್ಟಲೆ ವಿವರಣೆ ಇರುತ್ತದೆ. ಓದುವಾಗಲೆಲ್ಲ ನನ್ನ ಕಣ್ಣಮುಂದೆ ಬರುವುದು ಅಮೆರಿಕದ ಹಸಿರು ಮೇಜುಗಳಲ್ಲ, ನಮ್ಮ ಚಾಪೆ.

ಮೂರೆಲೆ ಗೊತ್ತಿಲ್ಲದವರಿಗೆ ಎರಡು ಮಾತು. ಪ್ರತಿಯೊಬ್ಬರಿಗೂ ಮೂರು ಎಲೆ. ಎಲೆ ನೋಡದೆ ಆಡಿದರೆ ಬ್ಲೈಂಡ್, ನೋಡಿ ಆಡಿದರೆ ಚಾಲ್. ನೋಡಿದವನು ನೋಡದವನ ಎರಡರಷ್ಟು ಹಾಕಬೇಕು. ಬೇಡವೆಂದರೆ ಎಲೆ ಮಗುಚಿಟ್ಟು ಪ್ಯಾಕ್ ಅನ್ನಬೇಕು. ಕೊನೆಗೆ ಇಬ್ಬರೇ ಉಳಿದಾಗ ಒಬ್ಬ ದುಡ್ಡು ಕೊಟ್ಟು ಶೋ ಕೇಳಬಹುದು. 52 ಎಲೆಗಳಿಂದ ಮೂರನ್ನು ಆರಿಸುವ ಬಗೆಗಳು ಒಟ್ಟು 22,100. ಅವುಗಳಲ್ಲಿ 16,440ರಲ್ಲಿ ಜೋಡಿಯೂ ಇಲ್ಲ, ಸೀಕ್ವೆನ್ಸೂ ಇಲ್ಲ, ಕಲರೂ ಇಲ್ಲ. ಅಂದರೆ ಹೆಚ್ಚುಕಡಿಮೆ ನಾಲ್ಕು ಸಲದಲ್ಲಿ ಮೂರು ಸಲ ಒಬ್ಬ ಆಟಗಾರನ ಕೈಯಲ್ಲಿ ಹೇಳಿಕೊಳ್ಳುವಂಥದ್ದು ಇರುವುದಿಲ್ಲ. ಮೂರೂ ಒಂದೇ ಆಗಿರುವ ಎಲೆ ಬೀಳುವುದು 22,100ರಲ್ಲಿ 52 ಸಲ ಮಾತ್ರ. ಎಲ್ಲರ ಕೈಯೂ ಬಹುಪಾಲು ಖಾಲಿ ಇರುವ ಆಟದಲ್ಲಿ ಗೆಲುವು ತೀರ್ಮಾನವಾಗುವುದು ಎಲೆಯಿಂದಲ್ಲ, ಖಾಲಿ ಕೈಯನ್ನು ಯಾರು ಹೇಗೆ ಹಿಡಿದುಕೊಳ್ಳುತ್ತಾರೆ ಎನ್ನುವುದರಿಂದ.

ನಮ್ಮ ಕಾನೂನು ಇದನ್ನು ಒಪ್ಪುವುದಿಲ್ಲ. ಆಂಧ್ರಪ್ರದೇಶ ಸರ್ಕಾರ ಮತ್ತು ಕೆ. ಸತ್ಯನಾರಾಯಣ ನಡುವಿನ, 1968ರ ಕಾನೂನು ವರದಿಗಳಲ್ಲಿ ಸಿಗುವ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟ ಎಂದು ಕರೆಯಿತು. ಅದೇ ತೀರ್ಪು ಮೂರೆಲೆಯನ್ನು ಬರೀ ಅದೃಷ್ಟದ ಆಟ ಎಂದಿತು. 2021ರಲ್ಲಿ ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ದುಡ್ಡಿನ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಕೇಂದ್ರದ ಕಾಯ್ದೆ ಬಂದು, ಕೌಶಲವೋ ಅದೃಷ್ಟವೋ ಎಂಬ ಭೇದವನ್ನೇ ಬದಿಗಿಟ್ಟು ದುಡ್ಡು ಕಟ್ಟುವ ಆನ್‌ಲೈನ್ ಆಟಗಳನ್ನು ಒಟ್ಟಾಗಿ ನಿಷೇಧಿಸಿತು. ಮನೆಗಳು ಹಾಳಾಗುವುದನ್ನು ನೋಡಿದವರು ಇದನ್ನು ತಪ್ಪೆನ್ನಲಾರರು. ಜೂಜು ಒಳ್ಳೆಯದು ಎಂದು ವಾದಿಸುವುದು ನನ್ನ ಉದ್ದೇಶವಲ್ಲ. ಮೂರೆಲೆಯಲ್ಲಿ ಓದುವುದಕ್ಕೆ ಏನೂ ಇಲ್ಲ ಎಂಬ ಮಾತನ್ನು ಮಾತ್ರ, ಅಷ್ಟು ವರ್ಷ ಟೀ ಕೊಟ್ಟ ನಾನು ಒಪ್ಪಲಾರೆ.

ಏನು ಓದುತ್ತಿದ್ದೆ? ಮೊದಲನೆಯದು, ಯಾರು ಎಷ್ಟು ಸುತ್ತು ಬ್ಲೈಂಡ್ ಆಡುತ್ತಾರೆ ಎಂಬುದು. ಬ್ಲೈಂಡ್ ಹಾಕಿದ ದುಡ್ಡು ಎಲೆಯ ಬಗ್ಗೆ ಏನನ್ನೂ ಹೇಳುವುದಿಲ್ಲ, ಹಾಕಿದವನಿಗೇ ಎಲೆ ಗೊತ್ತಿಲ್ಲ. ಅದು ಆಳಿನ ಬಗ್ಗೆ ಹೇಳುತ್ತದೆ. ನನ್ನ ಸೋದರಮಾವ ಕಾಲುವೆ ನೀರಿನ ಗದ್ದೆಯವರು. ಭತ್ತ ಬೆಳೆದು ಮನೆಯಲ್ಲಿ ಅಕ್ಕಿ ಇಟ್ಟುಕೊಂಡು ಬಂದವರ ನೆಮ್ಮದಿ ಅವರದು. ನಾಲ್ಕು ಸುತ್ತು ಎಲೆ ಮುಟ್ಟುತ್ತಿರಲಿಲ್ಲ. ಅವರು ಎರಡನೇ ಸುತ್ತಿಗೇ ಎಲೆ ಎತ್ತಿದರೆ ಆ ವರ್ಷ ಮನೆಯಲ್ಲಿ ಏನೋ ಸರಿ ಇಲ್ಲ ಎಂದು ಅರ್ಥ. ಒಂದು ವರ್ಷ ಹಾಗೆ ಎತ್ತಿದರು. ನಾಲೆಗೆ ನೀರು ಸರಿಯಾಗಿ ಬಿಡದ ವರ್ಷ ಅದು.

ಎರಡನೆಯದು, ಎಷ್ಟು ಹಾಕುತ್ತಾರೆ ಎಂಬುದು. ಪಕ್ಕದ ಮನೆಯ ಒಬ್ಬರು ಒಳ್ಳೆ ಎಲೆ ಬಂದಾಗ ಕಮ್ಮಿ ಹಾಕುತ್ತಿದ್ದರು, ಮಿಕ್ಕವರು ಓಡಿಹೋಗದಿರಲಿ ಎಂದು. ಕೆಟ್ಟ ಎಲೆಗೆ ಜಾಸ್ತಿ ಹಾಕುತ್ತಿದ್ದರು, ಬೇಗ ಓಡಿಹೋಗಲಿ ಎಂದು. ಇದು ತಮ್ಮ ಗುಟ್ಟು ಅಂದುಕೊಂಡಿದ್ದರು. ಮೂರು ಹಬ್ಬ ನೋಡಿದ ಯಾರಿಗಾದರೂ ಅದು ಬೋರ್ಡು ಬರೆದು ತಗುಲಿಹಾಕಿದ ಹಾಗೆ ಕಾಣುತ್ತಿತ್ತು. ಮೂರನೆಯದು ಹೊತ್ತು. ಎಲೆ ನೋಡಿದ ತಕ್ಷಣ ಚಾಲ್ ಹಾಕುವವನು ನೋಡುವ ಮೊದಲೇ ತೀರ್ಮಾನಿಸಿರುತ್ತಾನೆ. ಲೆಕ್ಕ ಹಾಕುತ್ತ ಕೂರುವವನ ಕೈಯಲ್ಲಿ ಸಾಮಾನ್ಯವಾಗಿ ಲೆಕ್ಕ ಹಾಕಬೇಕಾದಂಥ ನಡುಮಟ್ಟದ ಎಲೆಯೇ ಇರುತ್ತದೆ.

ಆದರೆ ಇವೆಲ್ಲಕ್ಕೂ ಆಧಾರ ಒಂದೇ: ಆ ಮನುಷ್ಯ ಮಾಮೂಲಿಯಾಗಿ ಹೇಗಿರುತ್ತಾನೆ ಎಂಬುದು ಮೊದಲು ಗೊತ್ತಿರಬೇಕು. ಸಿನಿಮಾದಲ್ಲಿ ತೋರಿಸುವ ಹಾಗೆ ಕಣ್ಣು ಮಿಟುಕಿಸಿದರೆ ಸುಳ್ಳು, ಕೈ ನಡುಗಿದರೆ ಭಯ ಅಂತೇನೂ ಇಲ್ಲ. ಅಪ್ಪನ ಕೈ ಯಾವಾಗಲೂ ನಡುಗುತ್ತದೆ. ನಡುಗದೇ ಇದ್ದಾಗ ಗಮನಿಸಬೇಕು.

ದೊಡ್ಡಪ್ಪನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನನ್ನ ಸಂಶೋಧನೆಯ ಬೇರು ಅಲ್ಲಿದೆ. ಅವರು ಕಮ್ಮಿ ಮಾತಿನವರು. ಅವರು ದೊಡ್ಡ ಚಾಲ್ ಹಾಕಿದರೆ ಅಪ್ಪ ಎಲೆ ಮಗುಚುತ್ತ, “ಅಣ್ಣಯ್ಯ ಸುಮ್‌ಸುಮ್ನೆ ಹಾಕಲ್ಲ ಕಣ್ರೋ, ಮಡಗ್ಬುಡಿ” ಅನ್ನುತ್ತಿದ್ದರು. ಎಲ್ಲರೂ ಮಗುಚುತ್ತಿದ್ದರು. ದೊಡ್ಡಪ್ಪ ದುಡ್ಡು ಎಳೆದುಕೊಂಡು ತಮ್ಮ ಎಲೆಯನ್ನು ಕಟ್ಟಿಗೆ ಸೇರಿಸುತ್ತಿದ್ದರು. ಶೋ ಆದಾಗ ಮಾತ್ರ ಅವರ ಎಲೆ ಕಾಣುತ್ತಿತ್ತು. ಹಾಗೆ ಕಂಡಾಗಲೆಲ್ಲ ಜೋಡಿ, ಕಲರ್, ಒಮ್ಮೊಮ್ಮೆ ಸೀಕ್ವೆನ್ಸ್. ಹಾಗಾಗಿ ದೊಡ್ಡಪ್ಪ ಸುಳ್ಳು ಚಾಲ್ ಹಾಕುವುದಿಲ್ಲ ಎಂಬುದು ಊರಿನ ನಂಬಿಕೆ. ನಂಬಿಕೆಗೆ ಪುರಾವೆಯೂ ಇತ್ತು. ಆದರೆ ನಾನು ಲೋಟ ಎತ್ತುತ್ತ ಅವರ ಬೆನ್ನ ಹಿಂದೆ ನಿಂತಿರುತ್ತಿದ್ದೆನಲ್ಲ. ಎರಡು, ಏಳು, ಜಾಕಿ ಹಿಡಿದು, ಒಂದಕ್ಕೊಂದು ಸಂಬಂಧವಿಲ್ಲದ ಬಣ್ಣಗಳಲ್ಲಿ, ನೂರು ರೂಪಾಯಿ ಎತ್ತಿ ಹಾಕಿದ್ದನ್ನು ಕಂಡಿದ್ದೇನೆ. ಒಮ್ಮೆ ಅವರು ತಿರುಗಿ ನನ್ನನ್ನು ನೋಡಿದರು. ನಾನು ಲೋಟ ತಗೊಂಡು ಒಳಗೆ ಹೋದೆ. ಇವತ್ತಿಗೂ ಅಪ್ಪನಿಗೆ ಹೇಳಿಲ್ಲ.

ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಆಯ್ಕೆಯ ದೋಷ ಎನ್ನುತ್ತಾರೆ. ನಾವು ಎದುರಾಳಿಯನ್ನು ಅಳೆಯುವುದು ಅವನು ತೋರಿಸಿದ ಎಲೆಗಳಿಂದ. ಆದರೆ ನಾವು ಹೆದರಿ ಮಗುಚಿದಾಗಲೆಲ್ಲ ಅವನು ತೋರಿಸದೇ ಗೆದ್ದಿರುತ್ತಾನೆ. ಅವನ ಸುಳ್ಳುಗಳೆಲ್ಲ ಸೇರಿಕೊಂಡಿರುವುದು ಆ ತೋರಿಸದ ರಾಶಿಯಲ್ಲಿ. ಅವನನ್ನು ನಂಬಿದಷ್ಟೂ ಅವನು ನಂಬಿಕಸ್ಥನಾಗಿಯೇ ಕಾಣುತ್ತ ಹೋಗುತ್ತಾನೆ. ಇದನ್ನು ಮುರಿಯುವ ದಾರಿ ಒಂದೇ: ಆಗಾಗ ದುಡ್ಡು ಕೊಟ್ಟು ಶೋ ಕೇಳುವುದು, ಸೋಲುತ್ತೇನೆ ಎಂದು ಗೊತ್ತಿದ್ದರೂ. ಆ ದುಡ್ಡು ಆ ಆಟಕ್ಕಲ್ಲ, ಮುಂದಿನ ಹತ್ತು ಆಟಗಳಿಗೆ ಬೇಕಾದ ತಿಳಿವಳಿಕೆಗೆ ಕೊಟ್ಟ ಬೆಲೆ.

ಗಣಿತಜ್ಞರು ದೊಡ್ಡಪ್ಪನ ಪರವಾಗಿದ್ದಾರೆ. ಜಾನ್ ಫಾನ್ ನಾಯ್ಮನ್ ಮತ್ತು ಆಸ್ಕರ್ ಮಾರ್ಗನ್‌ಸ್ಟರ್ನ್ 1944ರಲ್ಲಿ ಪ್ರಕಟಿಸಿದ, ಆಟಗಳ ಸಿದ್ಧಾಂತಕ್ಕೆ ತಳಹದಿಯಾದ ಪುಸ್ತಕದಲ್ಲಿ ಪೋಕರಿಗೆ ಒಂದು ಭಾಗವೇ ಇದೆ. ಸುಳ್ಳು ಪಣ ಚಪಲವಲ್ಲ, ಲೆಕ್ಕದ ಅಗತ್ಯ ಎಂದು ಅವರು ತೋರಿಸಿದರು. ಚಾಪೆಯ ಮೇಲೆ 100 ರೂಪಾಯಿ ಇದೆ, ಇಬ್ಬರೇ ಉಳಿದಿದ್ದಾರೆ, ಒಬ್ಬ ಇನ್ನೂ 100 ಹಾಕಿದ ಎಂದುಕೊಳ್ಳಿ. ಇನ್ನೊಬ್ಬ 100 ಕೊಟ್ಟು 200 ಗೆಲ್ಲುವ ಆಸೆ ಇಟ್ಟುಕೊಳ್ಳಬಹುದು. ಮೂರರಲ್ಲಿ ಒಂದು ಸಲ ಅವನ ಊಹೆ ಸರಿಯಾದರೂ ನಷ್ಟವಿಲ್ಲ. ಆದ್ದರಿಂದ ಮೊದಲನೆಯವನು ಹಾಕುವ ಇಂಥ ಪಣಗಳಲ್ಲಿ ಮೂರನೇ ಒಂದು ಪಾಲು ಸುಳ್ಳಿದ್ದರೆ ಎದುರಿನವನಿಗೆ ಕೊಟ್ಟರೂ ಅಷ್ಟೇ, ಬಿಟ್ಟರೂ ಅಷ್ಟೇ. ಅದಕ್ಕಿಂತ ಕಮ್ಮಿ ಸುಳ್ಳಾಡುವವನನ್ನು ಕಂಡರೆ ಮಗುಚಬೇಕು, ಜಾಸ್ತಿ ಸುಳ್ಳಾಡುವವನನ್ನು ಕಂಡರೆ ಶೋ ಕೇಳಬೇಕು. ಎದುರಾಳಿಯ ಚಾಲಿ ಓದುವುದು ಅಂದರೆ ಅವನು ಈ ಮೂರನೇ ಒಂದರಿಂದ ಯಾವ ಕಡೆಗೆ ವಾಲಿದ್ದಾನೆ ಎಂದು ಕಂಡುಕೊಳ್ಳುವುದು. 2017ರ ಜನವರಿಯಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲಿಬ್ರಾಟಸ್ ಎಂಬ ಕಂಪ್ಯೂಟರ್ ಕಾರ್ಯಕ್ರಮ ನಾಲ್ವರು ವೃತ್ತಿಪರ ಆಟಗಾರರ ವಿರುದ್ಧ 1,20,000 ಕೈ ಆಡಿ ಗೆದ್ದಿತು. ಅದು ಗೆದ್ದದ್ದು ಎದುರಿನವರ ಮುಖ ಓದಿ ಅಲ್ಲ, ತಾನು ಎಲ್ಲಿಯೂ ವಾಲದೆ, ಓದಲು ಸಿಗದೆ.

ಮನುಷ್ಯರಿಗೆ ಹಾಗೆ ವಾಲದೆ ಇರುವುದು ಕಷ್ಟ. ಮಹಾಭಾರತದ ದ್ಯೂತವನ್ನು ಶಕುನಿಯ ದಾಳದ ಕಥೆಯಾಗಿ ಕೇಳಿ ಬೆಳೆದಿದ್ದೇವೆ. ಅದನ್ನು ಧರ್ಮರಾಯನ ಪಣಗಳ ಪಟ್ಟಿಯಾಗಿ ಓದಿನೋಡಿ. ಸೋತಷ್ಟೂ ಪಣ ದೊಡ್ಡದಾಗುತ್ತದೆ. ಮುತ್ತು, ಹೊನ್ನು, ರಥ, ಆನೆ, ತಮ್ಮಂದಿರು, ತಾನು, ದ್ರೌಪದಿ. ಇಷ್ಟು ಸರಳವಾಗಿ ವಾಲುವ ಎದುರಾಳಿ ಸಿಕ್ಕರೆ ದಾಳದಲ್ಲಿ ಮೋಸ ಬೇಕಾಗುವುದು ಕಮ್ಮಿ. ಅದೇ ಮಹಾಭಾರತದ ವನಪರ್ವದಲ್ಲಿ ನಳನ ಕಥೆ ಬರುತ್ತದೆ. ನಮ್ಮ ಕನಕದಾಸರು ನಳಚರಿತ್ರೆಯನ್ನು ಬರೆದದ್ದು ಈ ಕಥೆಯ ಮೇಲೇ. ಋತುಪರ್ಣ ರಾಜ ತಾರೆ ಮರದ ಎಲೆಗಳನ್ನೂ ಕಾಯಿಗಳನ್ನೂ ಕಣ್ಣಳತೆಯಲ್ಲೇ ಎಣಿಸಿ ಹೇಳುತ್ತಾನೆ. ಆಮೇಲೆ ನಳನಿಗೆ ಅಕ್ಷಹೃದಯ ಎಂಬ ದಾಳದ ವಿದ್ಯೆ ಕಲಿಸುತ್ತಾನೆ. ಆಟದ ಗೆಲುವು ವಿಧಿಯಲ್ಲ, ಎಣಿಕೆ, ಅದನ್ನು ಕಲಿಯಬಹುದು ಎಂದು ಹೇಳುವ ಕಥೆ ಇದು. ಅಲ್ಲೂ ಎಲೆ.

ಈಗ ಇನ್ನೊಂದು ಎಲೆಗೆ ಬರಬೇಕು. ನಮ್ಮ ಕಡೆ ಜನ ನಿಜವಾಗಿ ಪಣ ಕಟ್ಟುವುದು ಯುಗಾದಿಯ ಚಾಪೆಯ ಮೇಲಲ್ಲ, ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ, ಎಚ್.ಡಿ. ಕೋಟೆಯ ತಂಬಾಕು ಹರಾಜು ಮಾರುಕಟ್ಟೆಗಳಲ್ಲಿ. 1976ರಲ್ಲಿ ಶುರುವಾದ ತಂಬಾಕು ಮಂಡಳಿ 1984ರಲ್ಲಿ ಕರ್ನಾಟಕದಲ್ಲಿ ಹರಾಜು ಪದ್ಧತಿ ತಂದಿತು. ಅದಕ್ಕೂ ಮೊದಲಿನ ವ್ಯಾಪಾರಕ್ಕೆ ಹೋಲಿಸಿದರೆ ಇದು ದೊಡ್ಡ ಸುಧಾರಣೆ ಎಂದು ಹಳಬರು ಈಗಲೂ ಹೇಳುತ್ತಾರೆ. ಮೊದಮೊದಲು ಬೇಲುಗಳ ಸಾಲಿನ ಪಕ್ಕ ನಡೆಯುತ್ತ ಬೆಲೆ ಕೂಗುತ್ತಿದ್ದರು. ಈಗ ಖರೀದಿದಾರರ ಕೈಯಲ್ಲಿ ಪುಟ್ಟ ಯಂತ್ರ, ಬೆಲೆ ಒತ್ತುತ್ತಾರೆ. ಕೂಗಿದ್ದು ಕೇಳಿಸುತ್ತಿತ್ತು. ಯಾರು ತಡವರಿಸಿದರು, ಯಾರು ಗಂಟಲು ಸರಿಮಾಡಿಕೊಂಡರು ಎಂಬುದೆಲ್ಲ ಅದರಲ್ಲಿತ್ತು. ಒತ್ತಿದ್ದು ಕೇಳಿಸುವುದಿಲ್ಲ.

ಹರಾಜಿನಲ್ಲಿ ಪಣ ಏರಿಸುವವರು ಖರೀದಿದಾರರು. ರೈತನಿಗಿರುವುದು ಒಂದೇ ಚಾಲ್: ಬಂದ ಬೆಲೆಗೆ ಒಪ್ಪುವುದು, ಇಲ್ಲವೇ ಒಪ್ಪದೆ ಬೇಲನ್ನು ಮನೆಗೆ ವಾಪಸ್ ತರುವುದು. ಎದುರಿನವರ ಅಂದಾಜು ಅವನಿಗೆ ಸಿಗುವುದಿಲ್ಲ. ಅವನ ಎಲೆ ಮಾತ್ರ ಎಲ್ಲರಿಗೂ ಕಾಣುತ್ತದೆ. ನೋಂದಾಯಿತ ಬ್ಯಾರನ್ ಎಷ್ಟು, ಅದಕ್ಕೆ ಎಷ್ಟು ಕಿಲೋ ಮಾರಲು ಅನುಮತಿ ಎಂಬುದಕ್ಕೆ ದಾಖಲೆ ಇದೆ. ಬೆಳೆಗೆ ತೆಗೆದ ಬ್ಯಾಂಕ್ ಸಾಲ ಮಾರಾಟದ ದುಡ್ಡಿನಲ್ಲೇ ಮುರಿದುಕೊಳ್ಳುತ್ತದೆ ಎಂದು ಎಲ್ಲರಿಗೂ ಗೊತ್ತು. ಸೌದೆಗೆ, ಗೊಬ್ಬರಕ್ಕೆ, ಕೂಲಿಗೆ ಮಾಡಿದ ಕೈಸಾಲ ಸಂಕ್ರಾಂತಿಯ ಹೊತ್ತಿಗೆ ಬಾಗಿಲು ತಟ್ಟುತ್ತದೆ ಎಂಬುದೂ ಗೊತ್ತು. ಇದು ಬ್ಲೈಂಡೂ ಅಲ್ಲ, ಚಾಲೂ ಅಲ್ಲ. ಎಲೆಗಳನ್ನು ಮೇಲ್ಮುಖವಾಗಿ ಚಾಪೆಯ ಮೇಲೆ ಇಟ್ಟು ಆಡುವ ಆಟ.

ನನ್ನ ಸಂಶೋಧನೆಗಾಗಿ ಎರಡು ಹಂಗಾಮು ಮಾರುಕಟ್ಟೆಗೆ ಹೋಗಿ ಕೂತೆ. ಬರೆದುಕೊಂಡೆ. ಯಾವ ಹೊತ್ತಿನಲ್ಲಿ ಬೆಲೆ ಬಿರುಸಾಗಿ ಏರುತ್ತದೆ, ಯಾವ ದರ್ಜೆಗೆ ಯಾರೂ ಮುಂದೆ ಬರುವುದಿಲ್ಲ, ಹಿಂದಿನ ದಿನದ ಬೆಲೆ ಇವತ್ತಿನ ಮೊದಲ ಬೇಲುಗಳ ಮೇಲೆ ಹೇಗೆ ಕೂರುತ್ತದೆ ಎಂಬುದನ್ನೆಲ್ಲ. ಚಾಪೆಯ ಮೇಲೆ ಕಂಡದ್ದೇ ಇಲ್ಲೂ ಕಂಡಿತು, ಬೇರೆ ರೂಪದಲ್ಲಿ. ಹಂಗಾಮು ಶುರುವಾದ ದಿನ ಕಿಲೋಗೆ ಸಿಕ್ಕ ಅತಿ ಹೆಚ್ಚಿನ ಬೆಲೆ ಪತ್ರಿಕೆಗಳಲ್ಲಿ ಬರುತ್ತದೆ. ಸರಾಸರಿ ಬೆಲೆಯೂ ಬರುತ್ತದೆ. ಆದರೆ ಸರಾಸರಿಗೆ ಸೇರುವುದು ಮಾರಾಟವಾದ ಬೇಲುಗಳು ಮಾತ್ರ. ಯಾರೂ ಕೇಳದೆ ನೋ ಬಿಡ್ ಆದ ಬೇಲು, ಬೆಲೆ ಸಾಲದೆಂದು ರೈತ ವಾಪಸ್ ಒಯ್ದ ಬೇಲು ಆ ಸಂಖ್ಯೆಯಲ್ಲಿಲ್ಲ. ಅವು ದೊಡ್ಡಪ್ಪನ ಎರಡು, ಏಳು, ಜಾಕಿ. ತೋರಿಸಿದ ಎಲೆಗಳಿಂದ ಮಾರುಕಟ್ಟೆಯನ್ನು ಓದುವವರಿಗೆ ಮಾರುಕಟ್ಟೆ ಯಾವಾಗಲೂ ತನಗಿಂತ ಚೆನ್ನಾಗಿಯೇ ಕಾಣುತ್ತದೆ. ಇಲ್ಲಿ ಬೆನ್ನ ಹಿಂದೆ ನಿಂತು ನೋಡುವ ಟೀ ಹುಡುಗಿ ಇಲ್ಲ.

ಕಳೆದ ಹಂಗಾಮಿನಲ್ಲಿ ಅಪ್ಪ ಆರು ಬೇಲು ತಂದಿದ್ದರು, ನಡುಮಟ್ಟದ ಸೊಪ್ಪು. ಬಂದ ಬೆಲೆ ಅವರ ಮನಸ್ಸಿನ ಲೆಕ್ಕಕ್ಕಿಂತ ಕಮ್ಮಿ ಇತ್ತು. ನನ್ನ ನೋಟ್‌ಬುಕ್ಕಿನ ಕಡೆ ನೋಡಿ, “ಏನ್ ಮಗ, ನೀನ್ ಓದ್ತಿರೋದು ಇದ್ನೇ ಅಲ್ವಾ? ಹೇಳು, ಕೊಡುವಾ ಬ್ಯಾಡ್ವಾ?” ಅಂದರು. ನಾನು ಬರೆದುಕೊಂಡ ಪ್ರಕಾರ ಆ ದರ್ಜೆಗೆ ಬೆಲೆ ಇನ್ನಷ್ಟು ಏರುವ ಲಕ್ಷಣ ಇತ್ತು. ಹಾಗೇ ಹೇಳಿದೆ, ಖಾತ್ರಿ ಅಲ್ಲ ಎಂದೂ ಹೇಳಿದೆ. ಅಪ್ಪ ಫೋನ್ ತೆಗೆದು ಅಮ್ಮನಿಗೆ ಮಾಡಿದರು. ಅಮ್ಮ ಪೂರ್ತಿ ಕೇಳಿಸಿಕೊಂಡು ಹೇಳಿದ್ದು ಇಷ್ಟು: “ಏರ್ತದೋ ಇಳೀತದೋ ಆಮೇಲ್ ನೋಡವಾ. ಇಪ್ಪತ್ನೇ ತಾರೀಕು ಚೀಟಿ ದುಡ್ಡು ಕಟ್ಬೇಕು. ಅಷ್ಟಕ್ಕಾಗೋದು ಕೊಟ್ಬುಡಿ, ಮಿಕ್ಕಿದ್ದು ತಂದ್ಬುಡಿ.” ಮೂರು ಬೇಲು ಕೊಟ್ಟರು, ಮೂರು ವಾಪಸ್ ತಂದರು. ಹದಿನೈದು ದಿನದ ಮೇಲೆ ಆ ಮೂರಕ್ಕೆ ಕಿಲೋಗೆ ಒಂಬತ್ತು ರೂಪಾಯಿ ಹೆಚ್ಚು ಸಿಕ್ಕಿತು. ಎರಡು ಸಲದ ಗಾಡಿ ಬಾಡಿಗೆ, ಸ್ವಲ್ಪ ಇಳಿದ ತೂಕ ಕಳೆದರೂ ಲಾಭವೇ ಉಳಿಯಿತು, ದೊಡ್ಡದೇನಲ್ಲ.

ಅಮ್ಮನ ಮಾತನ್ನು ನಾನು ಪ್ರಬಂಧದಲ್ಲಿ ಬೇರೆ ಭಾಷೆಯಲ್ಲಿ ಬರೆಯಬೇಕಾಗಿದೆ, ಸೂತ್ರಗಳ ಜೊತೆಗೆ. ಪೋಕರ್ ಬರಹಗಳು ಎದುರಾಳಿಯನ್ನು ಹೇಗೆ ಓದಬೇಕು ಎಂದು ವಿಸ್ತಾರವಾಗಿ ಹೇಳುತ್ತವೆ. ಓದಿದ್ದರ ಪ್ರಕಾರ ನಡೆಯಲು ಮುಂದೆ ಎಷ್ಟು ದುಡ್ಡು ಇರಬೇಕು ಎಂಬುದನ್ನೂ ಹೇಳುತ್ತವೆ, ಆದರೆ ಅದನ್ನು ಆಟಗಾರನ ಶಿಸ್ತಿನ ವಿಷಯವಾಗಿ ಹೇಳುತ್ತವೆ. ಸೋಲುತ್ತೇನೆಂದು ಗೊತ್ತಿದ್ದೂ ಶೋ ಕೇಳಬಲ್ಲವನು ಎದುರಾಳಿಯ ಬಗ್ಗೆ ಕಲಿಯುತ್ತಾನೆ. ಕೇಳಲಾರದವನು ಪ್ರತಿ ಸಲ ಮಗುಚುತ್ತಾನೆ, ಏನನ್ನೂ ಕಲಿಯುವುದಿಲ್ಲ, ಮುಂದಿನ ಸಲ ಇನ್ನೂ ಬೇಗ ಮಗುಚುತ್ತಾನೆ. ಮಾರುಕಟ್ಟೆಯಲ್ಲಿ ಬೇಲು ವಾಪಸ್ ತರುವುದೇ ಶೋ ಕೇಳುವುದು. ಅದಕ್ಕೆ ಬೇಕಾದದ್ದು ಜಾಣತನಕ್ಕಿಂತ ಹೆಚ್ಚಾಗಿ ಇಪ್ಪತ್ತನೇ ತಾರೀಕು ದಾಟುವಷ್ಟು ದುಡ್ಡು. ಎಚ್.ಡಿ. ಕೋಟೆಯ ಕಡೆ ಶುಂಠಿಗೆ ಜಮೀನು ಗುತ್ತಿಗೆ ಹಿಡಿಯುವವರನ್ನು ಜನ ಜೂಜುಕೋರರು ಎನ್ನುತ್ತಾರೆ. ನಿಜವಾದ ವ್ಯತ್ಯಾಸ ಏನೆಂದರೆ, ಅವರಲ್ಲಿ ಕೆಲವರಿಗೆ ಒಂದು ವರ್ಷ ಸೋತು ಮುಂದಿನ ವರ್ಷ ಮತ್ತೆ ಕೂರಲು ಆಗುತ್ತದೆ.

ಅಪ್ಪ ಪ್ರತಿ ವರ್ಷ ಹರಾಜಿನ ಲೆಕ್ಕವನ್ನು ಹಳೇ ಡೈರಿಯೊಂದರಲ್ಲಿ ಬರೆದಿಡುತ್ತಾರೆ. ತಾರೀಕು, ಬೇಲು, ತೂಕ, ಬೆಲೆ. ಈ ವರ್ಷ ಸ್ಕೇಲ್ ಇಟ್ಟು ಇನ್ನೊಂದು ಗೆರೆ ಎಳೆದಿದ್ದಾರೆ. ಅದರ ತಲೆಗೆ “ಬಿಟ್ಟ ಬೆಲೆ” ಎಂದು ಬರೆದಿದ್ದಾರೆ. ಸದ್ಯಕ್ಕೆ ಅದರಲ್ಲಿ ಮೂರೇ ಸಂಖ್ಯೆಗಳಿವೆ. ನನ್ನ ಪ್ರಬಂಧಕ್ಕೆ ಅಷ್ಟು ಸಾಲದು. ಪಕ್ಕದ ಮನೆಯವರಿಗೂ ಹಾಗೇ ಬರೆದಿಡಲು ಹೇಳಿದ್ದಾರಂತೆ.